ಹಳೆಯ ಕನ್ನಡ ಪುಸ್ತಕಗಳ ಸೂಚೀಕರಣ: ಮುಂಬಯಿಯ ಕನ್ನಡ ಗ್ರಂಥಾಲಯಗಳಿಗೆ ಸಮಗ್ರ ಮಾರ್ಗದರ್ಶಿ

ಮಾಟುಂಗ, ಮಾಹಿಮ್, ಫೋರ್ಟ್, ಡೊಂಬಿವಲಿ, ಮುಂಬಯಿಯಲ್ಲಿ ಕನ್ನಡಿಗರ ಸಂಘ ಇರುವ ಕಡೆಯಲ್ಲೆಲ್ಲ ಹಳೆಯ ಪುಸ್ತಕ ತುಂಬಿದ ಒಂದು ಕಬ್ಬಿಣದ ಕಪಾಟು ಇರುವುದು ಸಾಮಾನ್ಯ. ಅದರೊಳಗೆ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚಿನ ಪುಸ್ತಕ, ಧಾರವಾಡ ಕಡೆಯ ಶಾಲಾಪಠ್ಯ, ಯಕ್ಷಗಾನ ಪ್ರಸಂಗಗಳ ಕಟ್ಟು, ಕನ್ನಡ ಲಿಪಿಯ ಕೊಂಕಣಿ ಪ್ರಾರ್ಥನಾ ಪುಸ್ತಕ, ನಿರ್ಣಯಸಾಗರ ಪ್ರೆಸ್ಸಿನ ಸಂಸ್ಕೃತ ಗ್ರಂಥ ಎಲ್ಲ ಒಟ್ಟಿಗೇ ಸಿಗುತ್ತವೆ. ಇವುಗಳಿಗೆ ‘ಹೆಸರು, ಲೇಖಕ, ಇಸವಿ’ ಎಂಬ ಮೂರು ಕಾಲಮ್ಮಿನ ಪಟ್ಟಿ ಸಾಲದು. ಹೊಸ ಪುಸ್ತಕದ ಸಾವಿರ ಪ್ರತಿಗಳೂ ಒಂದೇ ರೀತಿ ಇರುತ್ತವೆ. ಹಳೆಯದರಲ್ಲಿ ಕೈಯಲ್ಲಿರುವ ಪ್ರತಿಗೇ ಒಂದು ಚರಿತ್ರೆ ಇರುತ್ತದೆ. ಆದ್ದರಿಂದ ಕೆಲಸದ ಉದ್ದಕ್ಕೂ ಎರಡು ಮಾತನ್ನು ಬೇರೆಬೇರೆಯಾಗಿ ಇಡಬೇಕು: ಪುಸ್ತಕ ತಾನೇ ಏನು ಹೇಳುತ್ತದೆ, ನಾವು ಏನು ಲೆಕ್ಕ ಹಾಕಿದೆವು. ಮೊದಲನೆಯದನ್ನು ಇದ್ದಂತೆ ನಕಲು ಮಾಡಬೇಕು. ಎರಡನೆಯದು ಚೌಕ ಆವರಣದೊಳಗೆ ಅಥವಾ ಟಿಪ್ಪಣಿಯಲ್ಲಿ ಬರಬೇಕು.

ಯಾವುದು ‘ಹಳೆಯದು’

ಅಂತಾರಾಷ್ಟ್ರೀಯ ನಿಯಮಗಳಲ್ಲಿ ಕೈಯಚ್ಚಿನ ಕಾಲವನ್ನು ಸುಮಾರು 1830ಕ್ಕೆ ಮುಗಿಸುವ ರೂಢಿಯಿದೆ. ಅದು ಯುರೋಪಿನ ಲೆಕ್ಕ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಆ ಗಡಿ ಇಟ್ಟುಕೊಂಡರೆ ಕನ್ನಡದ ಮುದ್ರಣವೆಲ್ಲ ಬಹುಪಾಲು ಹೊರಗೇ ಉಳಿಯುತ್ತದೆ. ನಮ್ಮ ಸಲಹೆ ಇದು: 1900ರವರೆಗಿನ ಎಲ್ಲದಕ್ಕೂ ಪೂರ್ಣ ವಿವರಣೆ, 1901ರಿಂದ 1947ರವರೆಗಿನದಕ್ಕೆ ಪ್ರತಿಯ ಟಿಪ್ಪಣಿ ಸಹಿತ ಮಧ್ಯಮ ವಿವರಣೆ. ಮುಂಬಯಿಯಲ್ಲೇ ಅಚ್ಚಾದ ಕನ್ನಡ, ತುಳು, ಕೊಂಕಣಿ ಪುಸ್ತಕಗಳನ್ನು ಮಾತ್ರ 1960ರವರೆಗೂ ಮೊದಲ ಗುಂಪಿಗೇ ಸೇರಿಸಿ. ಸಣ್ಣ ಸಂಘಗಳು, ರಾತ್ರಿಶಾಲೆಗಳು ತಂದ ಸ್ಮರಣ ಸಂಚಿಕೆ, ನಾಟಕ, ಹಾಡಿನ ಪುಸ್ತಕಗಳು ಬೇರೆ ಊರಿನ ದೊಡ್ಡ ಗ್ರಂಥಾಲಯಗಳಿಗೆ ತಲುಪಿರುವ ಸಾಧ್ಯತೆ ಕಡಿಮೆ.

ಕಪಾಟು ಮುಟ್ಟುವ ಮೊದಲು

ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮುಂಬಯಿಯ ಮಳೆಗಾಲದಲ್ಲಿ ಗಾಳಿಯ ತೇವ ಶೇ. 80 ದಾಟುವುದು ಸಾಮಾನ್ಯ; ಶೇ. 65-70 ಮೀರಿದರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಮುಚ್ಚಿಟ್ಟ ಕಪಾಟನ್ನು ಜುಲೈಯಲ್ಲಿ ತೆರೆದು ಪುಸ್ತಕ ಹರಡಿಟ್ಟರೆ ಒಣಗಿದ್ದ ಬೂಷ್ಟು ಮತ್ತೆ ಚಿಗುರುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. 2ಬಿ ಪೆನ್ಸಿಲ್, 30 ಸೆಂ.ಮೀ. ಸ್ಕೇಲು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಸಣ್ಣ ಎಲ್‌ಇಡಿ ಟಾರ್ಚು, ಮೆತ್ತನೆಯ ಅಗಲ ಬ್ರಷ್ಷು, ಆಮ್ಲರಹಿತ ಕಾಗದದ ಪಟ್ಟಿಗಳು, ಅಪ್ಪಟ ಹತ್ತಿಯ ಬಿಳಿ ಲಾಡಿ, ಸುರುಳಿ ಸುತ್ತಿದ ಎರಡು ಬಿಳಿ ಟವೆಲ್ಲು. ಟವೆಲ್ಲನ್ನು ಎರಡೂ ರಟ್ಟಿನ ಅಡಿಗಿಟ್ಟರೆ ಪುಸ್ತಕ 90ರಿಂದ 120 ಡಿಗ್ರಿ ತೆರೆದು ನಿಲ್ಲುತ್ತದೆ, ಬೆನ್ನು ಸೀಳುವುದಿಲ್ಲ. ಕೈಗವಸು ಬೇಡ, ಅದರಿಂದ ಬೆರಳಿನ ಸ್ಪರ್ಶ ಮಂದವಾಗಿ ಪುಡಿಯಾಗುವ ಹಾಳೆ ಹರಿಯುವುದೇ ಹೆಚ್ಚು. ತೊಳೆದು ಒರೆಸಿದ ಒಣಗೈ ಸಾಕು. ಎನ್95 ಮುಖಗವಸು ಮಾತ್ರ ಬೇಕೇ ಬೇಕು, ಏಕೆಂದರೆ ಹಳೆಯ ಕಪಾಟುಗಳಿಗೆ ಡಿಡಿಟಿ ಹೊಡೆದಿರುವುದುಂಟು, ಬೈಂಡಿಂಗಿನ ಅಂಟಿಗೆ ಮೈಲುತುತ್ತ ಬೆರೆಸಿರುವುದುಂಟು. 19ನೇ ಶತಮಾನದ ಹೊಳೆವ ಹಸಿರು ಬಟ್ಟೆಯ ರಟ್ಟಿನಲ್ಲಿ ಆರ್ಸೆನಿಕ್ ಇರಬಹುದು. ಅಂಥದ್ದನ್ನು ಬೇರೆ ಚೀಲದಲ್ಲಿಟ್ಟು, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಪೆನ್ನು, ಸೆಲೊಟೇಪು, ರಬ್ಬರ್ ಬ್ಯಾಂಡು, ಸ್ಟೇಪ್ಲರು ಮೇಜಿನ ಮೇಲೆ ಇರಲೇಬಾರದು.

ಮೊದಲ ದಿನ ಒಂದು ಪುಸ್ತಕವನ್ನೂ ಜಾಗ ಬದಲಿಸಬೇಡಿ. ಕಪಾಟಿಗೆ, ಹಲಗೆಗೆ ನಂಬರು ಕೊಟ್ಟು ಪ್ರತಿ ಹಲಗೆಯ ಫೋಟೊ ತೆಗೆಯಿರಿ. ಒಬ್ಬ ದಾನಿಯ ಪುಸ್ತಕಗಳು ಒಟ್ಟಿಗೇ ಕೂತಿರುವ ಸಂಭವ ಹೆಚ್ಚು. ಹೆಸರಿಲ್ಲದ ಒಂದು ಪುಸ್ತಕ ಯಾರದ್ದು ಎಂಬುದಕ್ಕೆ ಪಕ್ಕದ ಪುಸ್ತಕದ ಸಹಿಯೇ ಆಧಾರವಾಗಬಹುದು. ಅಂದವಾಗಿ ಜೋಡಿಸಿಬಿಟ್ಟರೆ ಆ ಆಧಾರ ಮತ್ತೆ ಸಿಗದು.

ಶೀರ್ಷಿಕಾಪುಟದ ನಕಲು

ಆಧಾರ ಒಳಗಿನ ಶೀರ್ಷಿಕಾಪುಟವೇ ಹೊರತು ಹೊದಿಕೆಯಲ್ಲ, ಬೆನ್ನಲ್ಲ. ಹೊದಿಕೆಯ ಹೆಸರು ಬೇರೆಯಿದ್ದರೆ ಅದನ್ನು 246ನೇ ಫೀಲ್ಡಿಗೆ, ಅಂದರೆ ಪರ್ಯಾಯ ಹೆಸರಿನ ಜಾಗಕ್ಕೆ ಹಾಕಿ. (ಇದೂ ಮುಂದೆ ಬರುವ ಇಂಥ ಮೂರಂಕಿಯ ಫೀಲ್ಡುಗಳೂ ಮಾರ್ಕ್ 21 ಎಂಬ, ಗ್ರಂಥಾಲಯಗಳ ಕಂಪ್ಯೂಟರ್ ದಾಖಲೆಯ ನಮೂನೆಯವು.) ಶೀರ್ಷಿಕಾಪುಟ ಕಳೆದುಹೋಗಿದ್ದರೆ ಮೊದಲ ಪುಟದ ತಲೆಬರಹ, ಪುಟಗಳ ಮೇಲಂಚಿನ ಹೆಸರು, ಕೊನೆಯ ಸಮಾಪ್ತಿವಾಕ್ಯ ಹೀಗೆ ಹುಡುಕುತ್ತ ಹೋಗಿ. ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯುವುದು ಕಡ್ಡಾಯ: ‘ಶೀರ್ಷಿಕಾಪುಟ ಇಲ್ಲ, ಹೆಸರು ಪುಟ 1ರ ತಲೆಬರಹದಿಂದ’.

ತಲೆಯಲ್ಲಿ ‘ಶ್ರೀಃ’, ‘ಶ್ರೀ ಗಣೇಶಾಯ ನಮಃ’ ಇದ್ದರೆ ಅದು ಹೆಸರಿನ ಭಾಗವಲ್ಲ. ಬಿಟ್ಟುಬಿಡಿ, ಚುಕ್ಕಿಗಳನ್ನೂ ಹಾಕಬೇಡಿ. ಬೇಕೆನಿಸಿದರೆ ಟಿಪ್ಪಣಿಯಲ್ಲಿ ಹೇಳಿ. ಲೇಖಕರ ಬಿರುದಾವಳಿ ಅರ್ಧ ಪುಟ ಇದ್ದರೆ ಮೂರು ಚುಕ್ಕಿ ಇಟ್ಟು ಮೊಟಕು ಮಾಡಬಹುದು. ಆದರೆ ‘ಧಾರವಾಡ ಟ್ರೇನಿಂಗ್ ಕಾಲೇಜಿನ ಅಧ್ಯಾಪಕರು’ ಎಂಬಂಥದ್ದನ್ನು ಬಿಡಬೇಡಿ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಇಂಥ ಸಾಲುಗಳೇ.

ಕಾಗುಣಿತವನ್ನು ತಿದ್ದಬಾರದು. ‘ಕರ್ಣಾಟಕ’ ಎಂದಿದ್ದರೆ ಕರ್ಣಾಟಕವೇ, ‘ಧರ್ಮ್ಮ’ ಎಂದಿದ್ದರೆ ಧರ್ಮ್ಮವೇ. ಱ, ೞ ಎರಡೂ ಯುನಿಕೋಡಿನಲ್ಲಿವೆ. ಅವುಗಳ ಜಾಗದಲ್ಲಿ ರ, ಳ ಬರೆಯಬೇಡಿ. ಆದರೆ ಇಂದಿನ ಓದುಗರು ‘ಕರ್ನಾಟಕ’, ‘ಧರ್ಮ’ ಎಂದೇ ಹುಡುಕುತ್ತಾರೆ. ಆ ರೂಪವನ್ನು 246ರಲ್ಲಿ ಸೇರಿಸದಿದ್ದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ.

ಕಂಪ್ಯೂಟರಿನಲ್ಲಿ ಪದೇಪದೇ ಆಗುವ ಎರಡು ತಪ್ಪುಗಳನ್ನು ವಿವರವಾಗಿ ಹೇಳಬೇಕು. ಮೊದಲನೆಯದು ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ಕಣ್ಣಿಗೆ ಒಂದೇ ತೆರನಾದ ದುಂಡು, ಆದರೆ ಯಂತ್ರಕ್ಕೆ ಎರಡು ಬೇರೆ ಅಕ್ಷರ. ೧೯೦೧ ಎಂದು ಒತ್ತುವ ಬದಲು ೧೯ಂ೧ ಎಂದು ಒತ್ತಿದರೆ ಪರದೆಯ ಮೇಲೆ ತಪ್ಪು ಕಾಣದು. ಹುಡುಕಿದಾಗ ದಾಖಲೆ ಮಾತ್ರ ಸಿಗದು. ಎರಡನೆಯದು ಅರ್ಕಾವತ್ತು. ಹಳೆಯ ಅಚ್ಚಿನಲ್ಲಿ ‘ಧರ್ಮ’ದ ರಕಾರ ಒಮ್ಮೆ ಅರ್ಕಾವತ್ತಾಗಿ, ಒಮ್ಮೆ ಕೆಳಗೆ ಮ-ಒತ್ತು ಹೊತ್ತ ಪೂರ್ಣ ರಕಾರವಾಗಿ ಬರುತ್ತದೆ. ಎರಡನೆಯ ರೂಪ ಬೇಕೆಂದು ನಡುವೆ ಝಡ್‌ಡಬ್ಲ್ಯೂಜೆ ಎಂಬ ಕಾಣದ ಅಕ್ಷರ ಸೇರಿಸುವವರಿದ್ದಾರೆ. ಸೇರಿಸಬೇಡಿ. ಅದು ಅಚ್ಚುಮೊಳೆಯ ರೂಪಭೇದವೇ ಹೊರತು ಕಾಗುಣಿತದ ಭೇದವಲ್ಲ. ಸಾದಾ ರೂಪದಲ್ಲಿ ಬರೆದರೆ ಹುಡುಕಾಟ ಸರಾಗ.

ಕೋಹದಂಥ ಉಚಿತ ಗ್ರಂಥಾಲಯ ತಂತ್ರಾಂಶದಲ್ಲಿ 245ನೇ ಫೀಲ್ಡಿಗೆ (ಮುಖ್ಯ ಶೀರ್ಷಿಕೆಯ ಜಾಗ) ಕನ್ನಡ ಲಿಪಿಯನ್ನೇ ನೇರವಾಗಿ ಹಾಕಬಹುದು. ಐಎಸ್‌ಒ 15919 ಪದ್ಧತಿಯ ರೋಮನ್ ರೂಪವನ್ನು 246ರಲ್ಲಿ ಕೊಡಿ. ಕನ್ನಡ ಓದಲು ಬಾರದ ಮರಾಠಿ, ಗುಜರಾತಿ ಸಿಬ್ಬಂದಿಗೂ ಪುಸ್ತಕ ತೆಗೆದುಕೊಡಲು ಬರಬೇಕು. ಲಿಪಿ ನೋಡಿ ಭಾಷೆ ತೀರ್ಮಾನಿಸಬೇಡಿ. ಕನ್ನಡ ಲಿಪಿಯಲ್ಲಿ ಕೊಂಕಣಿ, ತುಳು, ಸಂಸ್ಕೃತ ಮೂರೂ ಅಚ್ಚಾಗಿವೆ. ಕೊಂಕಣಿಗೆ ಮಾರ್ಕ್ 21ರಲ್ಲಿ ತನ್ನದೇ ಸಂಕೇತವಿದೆ. ತುಳುವಿಗೆ ಇಲ್ಲ, ಅದು ‘ಇತರ ದ್ರಾವಿಡ’ ಎಂಬ ಗುಂಪಿಗೆ ಹೋಗುತ್ತದೆ. ಹಾಗಾಗಿ 546ರಲ್ಲಿ ‘ತುಳು, ಕನ್ನಡ ಲಿಪಿಯಲ್ಲಿ’ ಎಂದು ಬರೆಯಲೇಬೇಕು.

ಇಸವಿ ಕಂಡುಹಿಡಿಯುವುದು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ವರ್ಷ ಯುಗಾದಿಗೆ ಶುರುವಾಗುತ್ತದೆ. ಚೈತ್ರದಿಂದ ಡಿಸೆಂಬರ್ ಕೊನೆಯವರೆಗೆ 78, ಜನವರಿಯಿಂದ ಫಾಲ್ಗುಣದ ಅಮಾವಾಸ್ಯೆವರೆಗೆ 79. ತಿಂಗಳು ಕೊಟ್ಟಿದ್ದರೆ ನಿಖರವಾಗಿ ಹೇಳಬಹುದು. ಕೊಡದಿದ್ದರೆ ಹೀಗೆ ಬರೆಯಿರಿ: ‘ಶಾಲಿವಾಹನ ಶಕ 1815 [1893 ಅಥವಾ 1894]’. ಗುಜರಾತಿ ಮುದ್ರಣಾಲಯದಿಂದ ಬಂದ ಪುಸ್ತಕದಲ್ಲಿ ವಿಕ್ರಮ ಸಂವತ್ ಇರಬಹುದು. ಅದರಲ್ಲಿ 57 ಅಥವಾ 56 ಕಳೆಯಬೇಕು. ಅಲ್ಲಿ ವರ್ಷ ದೀಪಾವಳಿಯ ಮರುದಿನ, ಕಾರ್ತಿಕದಲ್ಲಿ ಶುರು.

ಸಂವತ್ಸರದ ಹೆಸರು ಇದ್ದರೆ ಶಕೆಯ ಜೊತೆ ತಾಳೆ ನೋಡಿ. ಶಕೆಗೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. 1815ಕ್ಕೆ 12 ಕೂಡಿಸಿದರೆ 1827, ಶೇಷ 27, ಅಂದರೆ ವಿಜಯ. ಪುಸ್ತಕದಲ್ಲೂ ವಿಜಯ ಎಂದೇ ಇದ್ದರೆ ಸರಿ. ತಾಳೆಯಾಗದಿದ್ದರೆ ಅಂಕಿಯನ್ನು ಮತ್ತೊಮ್ಮೆ ಭೂತಗನ್ನಡಿಯಲ್ಲಿ ನೋಡಿ. ಸವೆದ ಮೊಳೆಯಲ್ಲಿ ೬ ಮತ್ತು ೯ ಒಂದಕ್ಕೊಂದು ಅದಲುಬದಲಾಗಿ ಕಾಣುತ್ತವೆ. ಈ ಲೆಕ್ಕ ಕರ್ನಾಟಕ, ಮಹಾರಾಷ್ಟ್ರ, ಆಂಧ್ರದ ಪಂಚಾಂಗಕ್ಕೆ ಸರಿ. ಉತ್ತರ ಭಾರತದ ಸಂವತ್ಸರ ಚಕ್ರ ಬೇರೆ.

ಬರೀ ಸಂವತ್ಸರ ಇದ್ದು ಶಕೆ ಇಲ್ಲದಿದ್ದರೆ 60 ವರ್ಷ ಅಂತರದ ಎರಡು ಉತ್ತರ ಬರುತ್ತದೆ: ವಿಜಯ ಎಂದರೆ 1893-94, ಅಥವಾ 1953-54. ಆಗ ಬೇರೆ ಸುಳಿವು ಬೇಕು. ‘1867ನೇ ಇಸವಿಯ 25ನೇ ಆಕ್ಟಿನ ಪ್ರಕಾರ ರಿಜಿಸ್ಟರ್ ಮಾಡಿದೆ’ ಎಂಬ ಸಾಲಿದ್ದರೆ 1867ರ ನಂತರದ್ದು. ಮುದ್ರಕರ ಹೆಸರು, ಮುದ್ರಣದ ಸ್ಥಳ ಅಚ್ಚು ಮಾಡಬೇಕೆಂದು ಕಡ್ಡಾಯ ಮಾಡಿದ್ದೂ ಅದೇ ಕಾಯಿದೆ. ಬೆಲೆ ರೂಪಾಯಿ-ಆಣೆ-ಪೈಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲಿಗೆ ಮೊದಲು, ನಯೆಪೈಸೆ ಎಂದಿದ್ದರೆ 1957ರಿಂದ 1964ರ ಸುಮಾರಿಗೆ. ‘ಮಾಟುಂಗ, ಮುಂಬಯಿ-19’ ಎಂಬಂಥ ಅಂಚೆ ವಲಯ 1972ರ ಪಿನ್‌ಕೋಡಿಗೆ ಹಿಂದಿನ ರೂಢಿ, ಮುಂದೆ ಅದೇ 400019 ಆಯಿತು. ರೂಢಿ ಕೆಲಕಾಲ ಉಳಿಯುತ್ತದೆ, ಹಾಗಾಗಿ ಒಂದೇ ಸುಳಿವಿನ ಮೇಲೆ ಪೂರ್ತಿ ಭಾರ ಹಾಕಬೇಡಿ. ಮುನ್ನುಡಿಯ ತಾರೀಖು ಮುನ್ನುಡಿಯದ್ದೇ, ಮುದ್ರಣದ್ದಲ್ಲ. ಎರಡನೇ ಮುದ್ರಣದಲ್ಲೂ ಅದೇ ಮುನ್ನುಡಿ ಹಾಗೇ ಇರುತ್ತದೆ.

ಸ್ಥಳದ ಹೆಸರೂ ಇದ್ದಂತೆ ಬರಲಿ: ಬೊಂಬಾಯಿ, ಮುಂಬಾಪುರಿ, ಮುಂಬಯಿ. ಇಂದಿನ ಹೆಸರು 752ರಲ್ಲಿ. ಗೋವೆಯ ಪೋರ್ಚುಗೀಸ್ ಪುಸ್ತಕಗಳಲ್ಲಿ ‘ನೋವಾ ಗೋವಾ’ ಎಂದಿದ್ದರೆ ಅದು ಪಣಜಿ.

‘ದ್ವಿತೀಯಾವೃತ್ತಿ’, ‘ಎರಡನೇ ಮುದ್ರಣ’ ಎಂಬ ಮಾತುಗಳನ್ನು ಆಗಿನ ಪ್ರಕಾಶಕರು ಒಂದರ ಬದಲಿಗೆ ಒಂದನ್ನು ಬಳಸಿದ್ದಾರೆ. 250ರಲ್ಲಿ ಇದ್ದಂತೆ ಬರೆಯಿರಿ. ನಿಜಕ್ಕೂ ಮೊಳೆ ಹೊಸದಾಗಿ ಜೋಡಿಸಿದ್ದಾರೆಯೇ ಎಂದು ತಿಳಿಯಲು ಎರಡು ಪ್ರತಿ ಅಕ್ಕಪಕ್ಕ ಇಟ್ಟು, ಫಾರಂ ಸಂಖ್ಯೆ (ಒಂದು ದೊಡ್ಡ ಹಾಳೆ ಮಡಿಸಿ ಮಾಡಿದ ಪುಟಗಳ ಕಟ್ಟೇ ಫಾರಂ, ಅದರ ಮೊದಲ ಪುಟದ ಕೆಳ ಅಂಚಿನ ಸಣ್ಣ ಗುರುತು) ಮೇಲಿನ ಸಾಲಿನ ಯಾವ ಅಕ್ಷರದ ಕೆಳಗೆ ಬಿದ್ದಿದೆ ನೋಡಿ. ನಾಲ್ಕೈದು ಫಾರಂಗಳಲ್ಲಿ ಅದೇ ಅಕ್ಷರದ ಕೆಳಗಿದ್ದರೆ ಜೋಡಣೆ ಒಂದೇ, ಬೇರೆಬೇರೆಯಾಗಿದ್ದರೆ ಹೊಸ ಜೋಡಣೆ.

ಪುಟ, ಫಾರಂ, ಅಳತೆ

ಎತ್ತರವನ್ನು ಸೆಂ.ಮೀ.ನಲ್ಲಿ ಅಳೆದು ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ: 17.2 ಬಂದರೆ 18. ಅಗಲ ಎತ್ತರಕ್ಕಿಂತ ಹೆಚ್ಚಿದ್ದರೆ ಎರಡನ್ನೂ ಕೊಡಿ. ಪೋಥಿಯ ಆಕಾರದಲ್ಲಿ ಅಚ್ಚಾದ ಸಂಸ್ಕೃತ, ಮರಾಠಿ ಗ್ರಂಥಗಳಿಗೆ ಇದು ಬೇಕಾಗುತ್ತದೆ. ಅವುಗಳಲ್ಲಿ ಸಂಖ್ಯೆ ಹಾಳೆಗೊಂದೇ ಇರುತ್ತದೆ, ಆದ್ದರಿಂದ ‘ಪುಟ’ ಎನ್ನದೆ ‘ಹಾಳೆ’ ಎಂದು ಎಣಿಸಬೇಕು.

ಸಂಖ್ಯೆಯಿಲ್ಲದ ಪುಟಗಳು ಚೌಕ ಆವರಣದಲ್ಲಿ: ‘[4], 8, 212, [4] ಪು.’ ಕೊನೆಯ ಜಾಹೀರಾತಿನ ಪುಟಗಳನ್ನು ಬಿಡಬಾರದು. ಅದೇ ಪ್ರಕಾಶಕರ, ಇಂದು ಒಂದು ಪ್ರತಿಯೂ ಸಿಗದ ಪುಸ್ತಕಗಳ ಹೆಸರು, ಬೆಲೆ ಅಲ್ಲೇ ಇರುತ್ತದೆ.

ಈಗ ಫಾರಂ ಲೆಕ್ಕ. ದೊಡ್ಡ ಹಾಳೆಯನ್ನು ಒಮ್ಮೆ ಮಡಿಸಿದರೆ 2 ಹಾಳೆ 4 ಪುಟ, ಎರಡು ಬಾರಿ ಮಡಿಸಿದರೆ 4 ಹಾಳೆ 8 ಪುಟ, ಮೂರು ಬಾರಿ ಮಡಿಸಿದರೆ 8 ಹಾಳೆ 16 ಪುಟ. ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಈ ಹದಿನಾರು ಪುಟದ ಫಾರಂ. ಪ್ರತಿ ಫಾರಮಿನ ಮೊದಲ ಪುಟದ ಕೆಳ ಅಂಚಿನಲ್ಲಿ ಸಣ್ಣದೊಂದು ಸಂಖ್ಯೆಯೋ ಅಕ್ಷರವೋ ಇರುತ್ತದೆ. ಎರಡನೆಯದು ಪುಟ 17ರಲ್ಲಿ, ಮೂರನೆಯದು 33ರಲ್ಲಿ, ನಾಲ್ಕನೆಯದು 49ರಲ್ಲಿ, ಐದನೆಯದು 65ರಲ್ಲಿ. ಮೇಲಿನ ಪುಸ್ತಕದಲ್ಲಿ 13 ಪೂರ್ಣ ಫಾರಂ ಎಂದರೆ 208 ಪುಟ. 14ನೆಯದು 4 ಹಾಳೆಯ ಅರ್ಧ ಫಾರಂ, 8 ಪುಟ. ಆರಂಭದ [4], 8 ಪುಟ ಬಿಟ್ಟು ಒಟ್ಟು 216: ಸಂಖ್ಯೆಯುಳ್ಳ 212, ಜಾಹೀರಾತಿನ 4. ಲೆಕ್ಕ ಕೂಡಿತು, ಪ್ರತಿ ಪೂರ್ತಿ ಇದೆ.

ಕೂಡದಿದ್ದರೆ ಬೈಂಡಿಂಗಿನಲ್ಲಿ ಏನೋ ಆಗಿದೆ. 49ರಿಂದ 64 ಎರಡು ಸಲ ಬಂದು 65ರಿಂದ 80 ಇಲ್ಲವೇ ಇಲ್ಲ ಎಂಬುದು ಸಾಮಾನ್ಯ ದೋಷ. ಹೊಲಿಯುವಾಗ ಒಂದೇ ಗುಡ್ಡೆಯಿಂದ ಎರಡು ಸಲ ಎತ್ತಿಕೊಂಡಿರುತ್ತಾರೆ. ಬರೀ ಕೊನೆಯ ಪುಟದ ಸಂಖ್ಯೆ ನೋಡಿ ‘212 ಪು.’ ಎಂದು ಬರೆದರೆ ಇದು ಎಂದೂ ಗೊತ್ತಾಗದು. ಪೂರ್ಣ ಪ್ರತಿಯ ಪುಟಸಂಖ್ಯೆ 300ರಲ್ಲಿ, ನಮ್ಮ ಪ್ರತಿಯ ಕೊರತೆ 590ರಲ್ಲಿ. ಪೂರ್ಣ ಪ್ರತಿಯಲ್ಲಿ ಎಷ್ಟು ಪುಟ ಎಂದು ಹೋಲಿಸಿ ನೋಡಲು ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಬಗ್ಗೆ ಬಾರ್ನೆಟ್ ಮಾಡಿದ 1910ರ ಸೂಚಿ ಇಂದಿಗೂ ಉಪಯುಕ್ತ.

ಕಲ್ಲಚ್ಚೋ ಮೊಳೆಯಚ್ಚೋ

ಎರಕದ ಅಕ್ಷರ ಜೋಡಿಸಿ ಒತ್ತಿದ್ದು ಮೊಳೆಯಚ್ಚು, ಕಲ್ಲಿನ ಮೇಲೆ ಮೂಡಿಸಿದ ಕೈಬರಹದಿಂದ ತೆಗೆದದ್ದು ಕಲ್ಲಚ್ಚು (ಲಿಥೊ). ಟಾರ್ಚನ್ನು ಹಾಳೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ಮೊಳೆಯಚ್ಚಾದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿದ ನೆರಳು ಕಾಣುತ್ತದೆ, ಬೆರಳಿಗೂ ಒರಟು ತಾಗುತ್ತದೆ. ಕಲ್ಲಚ್ಚಾದರೆ ಹಿಂಬದಿ ನುಣುಪು. ಆಮೇಲೆ ಒಂದೇ ಪುಟದಲ್ಲಿ ನಾಲ್ಕೈದು ‘ಕ’ಗಳನ್ನು ಭೂತಗನ್ನಡಿಯಲ್ಲಿ ಹೋಲಿಸಿ. ಮೊಳೆಯಲ್ಲಿ ಎಲ್ಲವೂ ಒಂದೇ ಎರಕ, ತಲೆಕಟ್ಟು ಅಕ್ಷರಕ್ಕೊಂದರಂತೆ ಬಿಡಿಬಿಡಿ. ಕಲ್ಲಚ್ಚಿನಲ್ಲಿ ಒಂದೊಂದು ‘ಕ’ವೂ ಕೈಬರಹದಂತೆ ಚೂರುಚೂರು ಬೇರೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರ ಕಿರಿದಾಗುತ್ತದೆ. ಮಂಗಳೂರಿನ ಆರಂಭದ ಪುಸ್ತಕಗಳು, ಮುಂಬಯಿಯ ಹಳೆಯ ಮರಾಠಿ ಪಂಚಾಂಗಗಳು ಕಲ್ಲಚ್ಚಿನವು. ಬಹಳ ದಿನ ಒದ್ದೆಯಾಗಿದ್ದ ಹಾಳೆಯಲ್ಲಿ ಮೊಳೆಯ ಉಬ್ಬೂ ಕುಗ್ಗಿರುತ್ತದೆ, ಆದ್ದರಿಂದ ಎರಡೂ ಪರೀಕ್ಷೆ ಮಾಡಿಯೇ 500ರಲ್ಲಿ ಬರೆಯಿರಿ.

ಒಂದೇ ರಟ್ಟಿನಲ್ಲಿ ಹಲವು

ಯಕ್ಷಗಾನ ಪ್ರಸಂಗಗಳನ್ನು ಭಾಗವತರೂ ಅಭಿಮಾನಿಗಳೂ ಐದಾರು ಸೇರಿಸಿ ಒಂದೇ ರಟ್ಟು ಹಾಕಿಸುವುದು ರೂಢಿ. ಬೆನ್ನ ಮೇಲೆ ಮೊದಲ ಪ್ರಸಂಗದ ಹೆಸರು ಮಾತ್ರ ಇರುತ್ತದೆ, ಪಟ್ಟಿಯಲ್ಲೂ ಅದೊಂದೇ ಸೇರಿ ಉಳಿದವು ಕಣ್ಮರೆ. ಪ್ರತಿಯೊಂದಕ್ಕೂ ಬೇರೆ ದಾಖಲೆ ಮಾಡಿ, ಒಂದೇ ಅಕ್ಸೆಶನ್ ನಂಬರಿಗೆ (ಗ್ರಂಥಾಲಯ ಪ್ರತಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ) 1, 2, 3 ಸೇರಿಸಿ, ‘ಇದರೊಂದಿಗೆ ಬೈಂಡ್ ಆಗಿರುವುದು’ ಎಂದು 501ರಲ್ಲಿ ಉಳಿದವನ್ನು ಕ್ರಮವಾಗಿ ಹೆಸರಿಸಿ. ಬಿಚ್ಚಿ ಬೇರೆ ಮಾಡಬೇಡಿ. ಯಾವ ಪ್ರಸಂಗದ ಪಕ್ಕ ಯಾವುದನ್ನು ಇಟ್ಟುಕೊಂಡಿದ್ದರು ಎಂಬುದೂ ಆಟದ ಚರಿತ್ರೆಗೆ ಸೇರಿದ್ದೇ.

ಹೆಸರುಗಳ ಏಕರೂಪ

ಕನ್ನಡ ಹೆಸರಿನಲ್ಲಿ ಊರು, ತಂದೆಯ ಹೆಸರು, ಸ್ವಂತ ಹೆಸರು ಬೇರೆಬೇರೆ ಕ್ರಮದಲ್ಲಿ ಬರುತ್ತವೆ. ಕೊನೆಯ ಪದವೇ ಮನೆತನ ಎಂದು ತಿಳಿದು ‘ರಾವ್’, ‘ಭಟ್ಟ’, ‘ಶೆಟ್ಟಿ’ ಕೆಳಗೆ ಎಲ್ಲರನ್ನೂ ಗುಡ್ಡೆ ಹಾಕಬೇಡಿ. ಒಂದು ರೂಪ ಆರಿಸಿಕೊಂಡು ಉಳಿದವನ್ನು ಅಧಿಕೃತ ಹೆಸರಿನ ಕಡತದಿಂದ ಅದಕ್ಕೆ ತೋರಿಸಿ. ಕಾವ್ಯನಾಮಕ್ಕೂ ಹಾಗೆಯೇ. ಪಂಜೆ ಮಂಗೇಶರಾಯರು (1874–1937) ‘ಕವಿಶಿಷ್ಯ’ ಎಂದು ಬರೆದರು; ಮುದ್ದಣ (1870–1901) ಎಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ. ಶೀರ್ಷಿಕಾಪುಟದಲ್ಲಿ ಏನಿದೆಯೋ ಅದು 245ರಲ್ಲಿ, ನಿಜನಾಮದ ಜೋಡಣೆ ಕಡತದಲ್ಲಿ.

ಯಾರ ಕೈಯಿಂದ ಬಂತು

ಮೊಹರು, ಸಹಿ, ಕಾಣಿಕೆಯ ಸಾಲು, ಪುಸ್ತಕದಂಗಡಿಯ ಚೀಟಿ ಎಲ್ಲವೂ 561ಕ್ಕೆ. ಊರು, ತಾರೀಖು ಸಹಿತ ಇದ್ದಂತೆ ನಕಲು ಮಾಡಿ, ಯಾವ ಪುಟ ಎಂದು ಹೇಳಿ. ಬಣ್ಣ, ಆಕಾರವನ್ನೂ ಬರೆಯಿರಿ: ‘ಶೀರ್ಷಿಕಾಪುಟದಲ್ಲಿ ನೇರಳೆ ಬಣ್ಣದ ಅಂಡಾಕಾರದ ಮೊಹರು, ನಡುವೆ ಕನ್ನಡ, ಸುತ್ತ ಇಂಗ್ಲಿಷ್’. ಅರ್ಧ ಅಳಿಸಿದ ಮೊಹರು ಹತ್ತನೇ ಪುಸ್ತಕದಲ್ಲಿ ಪೂರ್ತಿ ಸಿಕ್ಕಾಗ ಹಿಂದಿನ ಒಂಬತ್ತೂ ಓದಲು ಬರುತ್ತವೆ. ಹಾಗಾಗಿ ಮೊಹರುಗಳ ಫೋಟೊಗೆ ಬೇರೆಯೇ ಒಂದು ಫೋಲ್ಡರು ಇಡುವುದು ಲೇಸು. ರಾತ್ರಿಶಾಲೆಯ ಬಹುಮಾನದ ಚೀಟಿಯಿದ್ದರೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಒಬ್ಬ ಹುಡುಗನ ಕೈಯಲ್ಲಿದ್ದ ಪುಸ್ತಕ ಅದಾಗಿರಬಹುದು. ಆ ಚೀಟಿಗೆ ಪುಸ್ತಕದಷ್ಟೇ ಬೆಲೆಯಿದೆ. ಅಂಚಿನ ಟಿಪ್ಪಣಿ, ಹಾಡಿನ ಪಕ್ಕ ಬರೆದ ರಾಗತಾಳ ಕೂಡ ಇಲ್ಲೇ ದಾಖಲಾಗಲಿ.

ಹಾಳೆಗಳ ನಡುವೆ ಸಿಕ್ಕ ಪತ್ರ, ರಸೀತಿ, ಟಿಕೇಟು ಎಸೆಯಬೇಡಿ. ಆಮ್ಲರಹಿತ ಲಕೋಟೆಯಲ್ಲಿಟ್ಟು, ಯಾವ ಪುಟಗಳ ನಡುವೆ ಇತ್ತು ಎಂದು ಪೆನ್ಸಿಲಿನಲ್ಲಿ ಬರೆದು, ದಾಖಲೆಯಲ್ಲೂ ಹೇಳಿ. ಒಣಗಿದ ಹೂವು, ತುಳಸಿ ಮಾತ್ರ ಫೋಟೊ ತೆಗೆದು ಹೊರಗಿಡಿ, ಹುಳ ಬರುತ್ತದೆ.

ಬೈಂಡಿಂಗ್ 563ರಲ್ಲಿ ಒಂದೆರಡು ಸಾಲು ಸಾಕು: ಮೂಲ ಕಾಗದದ ಹೊದಿಕೆ ಉಳಿದಿದೆಯೇ, ಅರ್ಧ ಚರ್ಮವೇ, ನಂತರದ ಗ್ರಂಥಾಲಯ ಬೈಂಡಿಂಗೇ. ಸ್ಥಿತಿಗೆ ‘ಹಾಳಾಗಿದೆ’ ಎಂದರೆ ಏನೂ ತಿಳಿಯದು. ‘ಪುಟ 1-40ರಲ್ಲಿ ಹುಳು ಕೊರೆದ ತೂತು, ಅಕ್ಷರ ಹೋಗಿಲ್ಲ, ಮುಂದಿನ ರಟ್ಟು ಬೇರ್ಪಟ್ಟಿದೆ’ ಎಂದು ಬರೆಯಿರಿ.

ಗುರುತು ಹಾಕಿ ಹಿಂತಿರುಗಿಸುವುದು

ಅಕ್ಸೆಶನ್ ನಂಬರನ್ನು ಶೀರ್ಷಿಕಾಪುಟದ ಹಿಂಬದಿಯ ಕೆಳಗಿನ ಎಡಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಎಲ್ಲ ಪುಸ್ತಕಕ್ಕೂ ಅದೇ ಜಾಗ. ಹೊಸ ಮೊಹರು ಬೇಡ, ಹಳೆಯ ರಟ್ಟಿನ ಮೇಲೆ ಬಾರ್‌ಕೋಡ್ ಅಂಟಿಸುವುದೂ ಬೇಡ. ಮುಂಬಯಿಯ ಸೆಕೆಗೆ ಆ ಅಂಟು ಇಳಿದು ಪಕ್ಕದ ಪುಸ್ತಕಕ್ಕೂ ಹತ್ತುತ್ತದೆ. ಆಮ್ಲರಹಿತ ಪಟ್ಟಿಯ ಮೇಲೆ ಅಂಟಿಸಿ, ತಲೆಯಿಂದ ಎರಡು ಸೆಂ.ಮೀ. ಹೊರಗೆ ಕಾಣುವಂತೆ ಒಳಗಿಡಿ. ರಟ್ಟು ಬಿಟ್ಟ ಪುಸ್ತಕವನ್ನು ಹತ್ತಿ ಲಾಡಿಯಿಂದ ಕಟ್ಟಿ, ಗಂಟು ಮುಂಬದಿಯ ಅಂಚಿಗೆ ಬರಲಿ. ರಟ್ಟಿನ ಮೇಲೆ ಬಂದರೆ ಗಂಟಿನ ಗುಳಿ ಬೀಳುತ್ತದೆ.

ಹೊಸಬರು ದಿನಕ್ಕೆ ಐದಾರು ಪುಸ್ತಕ ಮುಗಿಸಿದರೆ ಒಳ್ಳೆಯ ವೇಗ. ವಾರಕ್ಕೊಮ್ಮೆ, ದಾಖಲೆ ಮಾಡದ ಇನ್ನೊಬ್ಬರು ಹತ್ತಕ್ಕೊಂದರಂತೆ ಪರೀಕ್ಷಿಸಬೇಕು. ಮೊದಲು ದಾಖಲೆ ಹಿಡಿದು ಕಪಾಟಿಗೆ ಹೋಗಿ ಪುಸ್ತಕ ತೆಗೆಯಲಿ. ಆಮೇಲೆ ಕಪಾಟಿನಿಂದ ಮನಸ್ಸಿಗೆ ಬಂದ ಪುಸ್ತಕ ಎತ್ತಿ, ಅದರ ದಾಖಲೆಯನ್ನು ಇಂದಿನ ಕಾಗುಣಿತದಲ್ಲಿ ಹುಡುಕಲಿ. ಎರಡನೇ ಪರೀಕ್ಷೆಯಲ್ಲಿ ಸಿಗದಿದ್ದರೆ ಮೊದಲು ನೋಡಬೇಕಾದದ್ದು 246ನೇ ಫೀಲ್ಡು, ಆಮೇಲೆ ಆ ಸೊನ್ನೆ.